ಒಪ್ಪಿಗೆ ಕೊಡುವವರಿಗೆ ಅರ್ಥವಾಗುವ ಬ್ಯಾಂಕ್ ಆ್ಯಪ್ ಕಟ್ಟುವುದು ಹೇಗೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಎಷ್ಟೋ ಮಕ್ಕಳು ಇಂದು ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ನಾಳೆ ಊರಿನ ಸಹಕಾರಿ ಬ್ಯಾಂಕಿನವರು ಅವರಲ್ಲಿ ಯಾರಿಗಾದರೂ ಫೋನ್ ಮಾಡಿ, ‘ಹಣ ಕಳಿಸುವವರು ನಮ್ಮ ಗ್ರಾಹಕರೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಲು ಒಂದು ಆ್ಯಪ್ ಬೇಕಿತ್ತು, ಮಾಡಿಕೊಡ್ತೀರಾ’ ಎಂದು ಕೇಳಬಹುದು. ಆ ಕೆಲಸಕ್ಕೆ ಕೈ ಹಾಕುವವರಿಗಾಗಿ ಈ ಬರಹ.

ಮೊದಲೇ ಒಂದು ಮಾತು. ಈಗಿನ ಎಷ್ಟೋ ಮೋಸಗಳಲ್ಲಿ ಕಳ್ಳ ಪಾಸ್‌ವರ್ಡ್ ಒಡೆಯುವ ಗೋಜಿಗೇ ಹೋಗುವುದಿಲ್ಲ. ಖಾತೆದಾರರ ಕೈಯಿಂದಲೇ ಒಪ್ಪಿಗೆಯ ಬಟನ್ ಒತ್ತಿಸುತ್ತಾನೆ. ಯಾವುದಕ್ಕೆ ಒಪ್ಪುತ್ತಿದ್ದೇವೆ ಅಂತ ಅವರಿಗೆ ಗೊತ್ತೇ ಆಗಿರುವುದಿಲ್ಲ. ಹಾಗಾಗಿ ಆ್ಯಪ್ ಸುಲಭವಾಗಿರುವುದೂ ಭದ್ರತೆಯ ಕೆಲಸವೇ. ಮೊದಲು ಭದ್ರತೆ ಮುಗಿಸೋಣ, ಸುಲಭ ಮಾಡುವುದನ್ನು ಆಮೇಲೆ ನೋಡೋಣ ಅಂತ ಹೊರಟರೆ ಎರಡೂ ಕೆಡುತ್ತವೆ.

1. ಬ್ಯಾಂಕಿನ ಬೆಂಚಿನಲ್ಲಿ ಕುಳಿತು ನೋಡಿ

ಕೋಡ್ ಬರೆಯುವ ಮೊದಲು ಒಂದು ಬೆಳಿಗ್ಗೆ ಬ್ಯಾಂಕಿನಲ್ಲಿ ಸುಮ್ನೆ ಕುಳಿತುಕೊಳ್ಳಿ. ಅಡಿಕೆ ಮಾರಿದ ಹಣ ಬಂತಾ ಎಂದು ಕೇಳುವವರು, ಬೀಡಿ ಕಟ್ಟುವ ಹೆಂಗಸರು, ಗಂಡ ದುಬೈಯಿಂದ ಕಳಿಸಿದ ಹಣ ತೆಗೆಯಲು ಬಂದವರು, ಪಿಂಚಣಿಯ ಹಿರಿಯರು ಎಲ್ಲರೂ ಕಾಣಸಿಗುತ್ತಾರೆ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಓದಲು ಕನ್ನಡ ಅನ್ನುವವರು ಇಲ್ಲಿ ಎಷ್ಟು ಜನ! ಅವರ ಫೋನಿಗೆ ಬರುವ ಬ್ಯಾಂಕಿನ ಸಂದೇಶ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ.

ಆದ್ದರಿಂದ ಮೊದಲ ಸ್ಕ್ರೀನಿನಲ್ಲೇ ಭಾಷೆ ಕೇಳಿ. ಪ್ರತಿ ಭಾಷೆಯ ಹೆಸರೂ ಅದರದ್ದೇ ಲಿಪಿಯಲ್ಲಿರಲಿ. ಕನ್ನಡ ಆರಿಸಿದವರಿಗೆ ಎಚ್ಚರಿಕೆ, ತಪ್ಪಿನ ಸೂಚನೆ, ನೋಟಿಫಿಕೇಶನ್ ಎಲ್ಲವೂ ಕನ್ನಡದಲ್ಲೇ ಬರಬೇಕು. ಮೆನು ಕನ್ನಡದಲ್ಲಿ ಇದ್ದು, ಗಾಬರಿಯಾಗುವ ಹೊತ್ತಿಗೆ ಇಂಗ್ಲಿಷ್ ಬಂದರೆ ಏನು ಪ್ರಯೋಜನ?

2. ಎರಡು ಗುರುತು ಆರಿಸಿ

ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನ 2026ರ ಏಪ್ರಿಲ್ 1ರಿಂದ ಜಾರಿಯಾಗುವಂಥದ್ದು. ಡಿಜಿಟಲ್ ಪಾವತಿಗೆ, ಇವರು ಖಾತೆದಾರರೇ ಎಂದು ತೋರಿಸುವ ಕನಿಷ್ಠ ಎರಡು ಬೇರೆ ಬೇರೆ ಗುರುತು ಬೇಕು ಎನ್ನುತ್ತದೆ ಅದು. ಎಸ್ಸೆಮ್ಮೆಸ್ ಒಟಿಪಿಯನ್ನು ಅದು ನಿಷೇಧಿಸಿಲ್ಲ. ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಗ್ರಾಹಕರ ನಂಬರಿಗೆ ಮೋಸದಿಂದ ಹೊಸ ಸಿಮ್ ಪಡೆದು ಒಟಿಪಿ ಕದಿಯುವವರಿದ್ದಾರೆ, ಸಂದೇಶ ಓದುವ ಕಳ್ಳ ಆ್ಯಪ್‌ಗಳಿವೆ. ಗುಡ್ಡದ ಆಚೆಯ ಮನೆಗಳಲ್ಲಿ ಮಳೆಗಾಲ ಬಂತೆಂದರೆ ರೇಂಜೇ ಇರುವುದಿಲ್ಲ. ಗಲ್ಫಿನಲ್ಲಿರುವವರ ಊರಿನ ಸಿಮ್ ಎಷ್ಟೋ ಸಲ ಪೆಟ್ಟಿಗೆಯಲ್ಲಿರುತ್ತದೆ.

ಫೋನಿನೊಳಗೆ ಕೂತ ಒಂದು ಕೀ (ಡಿಜಿಟಲ್ ಬೀಗದ ಕೈ), ಖಾತೆದಾರರಿಗೆ ಮಾತ್ರ ಗೊತ್ತಿರುವ ಒಂದು ಪಿನ್. ನನ್ನ ಪ್ರಕಾರ ಈ ಜೋಡಿ ಸಾಕು.

3. ಫೋನನ್ನು ಖಾತೆಗೆ ಜೋಡಿಸಿ

ನೋಂದಣಿಯ ಹೊತ್ತಿನಲ್ಲಿ ಆ್ಯಪ್ ಒಂದು ಜೋಡಿ ಕೀ ಹುಟ್ಟಿಸುತ್ತದೆ. ಸಹಿ ಹಾಕುವ ಗುಟ್ಟಿನ ಕೀ, ಅಂದರೆ ಪ್ರೈವೇಟ್ ಕೀ, ಫೋನಿನ ಭದ್ರ ಭಾಗದಲ್ಲೇ ಉಳಿಯಬೇಕು. ಆಂಡ್ರಾಯ್ಡ್‌ನಲ್ಲಿ ಅದಕ್ಕೆ ಕೀಸ್ಟೋರ್ ಇದೆ, ಐಫೋನಿನಲ್ಲಿ ಸೆಕ್ಯೂರ್ ಎನ್‌ಕ್ಲೇವ್. ಬ್ಯಾಂಕಿಗೆ ಹೋಗುವುದು ಆ ಸಹಿಯನ್ನು ಪರೀಕ್ಷಿಸುವ ಪಬ್ಲಿಕ್ ಕೀ ಮಾತ್ರ. ಪ್ರತಿ ವ್ಯವಹಾರಕ್ಕೂ ಸರ್ವರ್ ಹೊಸದೊಂದು ಪ್ರಶ್ನೆ ಕಳಿಸುತ್ತದೆ, ಫೋನ್ ಅದಕ್ಕೆ ತನ್ನ ಕೀಯಿಂದ ಸಹಿ ಹಾಕುತ್ತದೆ, ಬ್ಯಾಂಕ್ ಆ ಸಹಿಯನ್ನು ಪರೀಕ್ಷಿಸುತ್ತದೆ. ನಡುವೆ ಕದ್ದು ಕೇಳಿದವನಿಗೆ ಮತ್ತೆ ಬಳಸಬಹುದಾದ್ದು ಏನೂ ಸಿಗುವುದಿಲ್ಲ.

ಹೊಸ ಫೋನ್ ಜೋಡಿಸಿದ ಮೊದಲ 24 ಗಂಟೆ ಕಳಿಸುವ ಮೊತ್ತಕ್ಕೆ ಸಣ್ಣ ಮಿತಿ ಇಡಿ. ಯಾಕೆ ಅಂತ ಸ್ಕ್ರೀನಿನಲ್ಲೇ ಒಂದು ಸಾಲು ಬರೆಯಿರಿ. ಕಾರಣ ಗೊತ್ತಾದರೆ ಜನ ಕಾಯುತ್ತಾರೆ.

4. ಪಿನ್ ಮತ್ತು ಬೆರಳು

ಪಿನ್ 6 ಅಂಕಿಯದ್ದಿರಲಿ. 123456, ಹುಟ್ಟಿದ ದಿನಾಂಕ, ಒಂದೇ ಅಂಕಿಯ ಸಾಲು ಇವನ್ನು ಒಪ್ಪಬೇಡಿ. 6 ಅಂಕಿಗೆ ಇರುವುದು 10 ಲಕ್ಷ ಸಾಧ್ಯತೆ ಮಾತ್ರ, ಕಂಪ್ಯೂಟರಿಗೆ ಅದು ಏನೂ ಅಲ್ಲ. ಹಾಗಾಗಿ ಪಿನ್ನನ್ನು ಯಾವ ರೂಪದಲ್ಲೂ ಫೋನಿನಲ್ಲಿ ಬರೆದಿಡಬೇಡಿ. ತಪ್ಪು ಪ್ರಯತ್ನದ ಲೆಕ್ಕವನ್ನು ಸರ್ವರ್ ಇಡಲಿ. ಸತತ 5 ತಪ್ಪಾದರೆ ಸ್ವಲ್ಪ ಕಾಯಿಸಿ, ಮತ್ತೆ ತಪ್ಪಿದರೆ ಇನ್ನೂ ಜಾಸ್ತಿ ಕಾಯಿಸಿ.

ಬೆರಳಚ್ಚು ಇರಲಿ, ಆದರೆ ಅದೊಂದೇ ದಾರಿ ಆಗಬಾರದು. ಅಡಿಕೆ ಸುಲಿದು, ಬೀಡಿ ಕಟ್ಟಿ ಸವೆದ ಬೆರಳನ್ನು ಸೆನ್ಸರ್ ಎಷ್ಟೋ ಸಲ ಗುರುತಿಸುವುದಿಲ್ಲ. ಆಟಿ ತಿಂಗಳ ಮಳೆಯಲ್ಲಿ ಒದ್ದೆ ಕೈಯಂತೂ ಕೇಳುವುದೇ ಬೇಡ. ಇನ್ನೊಂದು ವಿಷಯ ಇದೆ. ನಮ್ಮ ಮನೆಗಳಲ್ಲಿ ಒಂದೇ ಫೋನನ್ನು ಮೂರು ನಾಲ್ಕು ಜನ ಬಳಸುತ್ತಾರೆ. ಅಜ್ಜನ ಫೋನಿನಲ್ಲಿ ಮೊಮ್ಮಗನ ಬೆರಳೂ ಸೇರಿರುತ್ತದೆ, ಅಲ್ವಾ? ಫೋನಿಗೆ ಹೊಸ ಬೆರಳು ಸೇರಿದ ಕೂಡಲೇ ಬೆರಳಚ್ಚಿಗೆ ಜೋಡಿಸಿದ ಕೀ ರದ್ದಾಗಿ, ಮತ್ತೆ ಪಿನ್ ಕೇಳುವಂತೆ ಮಾಡಬಹುದು. ಅದನ್ನು ಮರೆಯದೆ ಮಾಡಿ.

5. ಒಪ್ಪಿಗೆಯ ಸ್ಕ್ರೀನ್: ಹೆಚ್ಚಿನ ಸಮಯ ಇಲ್ಲೇ ಕೊಡಿ

‘ಲಾಗಿನ್ ಕೋರಿಕೆಯನ್ನು ದೃಢೀಕರಿಸಿ’ ಎಂಬ ಒಂದು ಸಾಲು, ಕೆಳಗೆ ಹಸಿರು ಬಟನ್. ಇಂಥ ಸ್ಕ್ರೀನ್ ಕಳ್ಳನಿಗೆ ಬಲು ಇಷ್ಟ. ಅದರ ಬದಲು ಹೀಗಿರಲಿ: ಮೇಲೆ ದಪ್ಪ ಅಕ್ಷರದಲ್ಲಿ ‘ನಿಮ್ಮ ಖಾತೆಯಿಂದ ಹಣ ಹೋಗುತ್ತದೆ’. ಅದರ ಕೆಳಗೆ ‘₹48,000’, ಮತ್ತೆ ಅಕ್ಷರದಲ್ಲಿ ‘ನಲವತ್ತೆಂಟು ಸಾವಿರ ರೂಪಾಯಿ’. ಸೊನ್ನೆ ಒಂದು ಜಾಸ್ತಿಯಾದರೆ ಅಂಕಿಯಲ್ಲಿ ಕಣ್ಣು ತಪ್ಪುತ್ತದೆ, ಅಕ್ಷರದಲ್ಲಿ ತಪ್ಪುವುದಿಲ್ಲ. ಆಮೇಲೆ ಹಣ ಪಡೆಯುವವರ ಹೆಸರು. ಅದು ಆ ಖಾತೆಯಲ್ಲಿ ದಾಖಲಾದ ಹೆಸರೇ ಆಗಿರಬೇಕು. ಹಣ ಬರುತ್ತದೆ ಎಂದು ನಂಬಿಸಿ ಪಿನ್ ಒತ್ತಿಸುವ ಮೋಸಕ್ಕೆ ಆ ಮೊದಲ ಸಾಲೇ ತಡೆ.

ಕಾಣಿಸಿದ ಮೊತ್ತ ಮತ್ತು ಹೆಸರು ಎರಡೂ ಫೋನ್ ಹಾಕುವ ಸಹಿಯೊಳಗೇ ಸೇರಿರಲಿ. ಆಗ ಒಬ್ಬರಿಗೆಂದು ಕೊಟ್ಟ ಒಪ್ಪಿಗೆಯನ್ನು ಇನ್ನೊಬ್ಬರ ಖಾತೆಗೆ ತಿರುಗಿಸಲಾಗದು.

ಕೆಳಗೆ ಎರಡು ಬಟನ್, ಒಂದೇ ಗಾತ್ರದ್ದು: ‘ಹೌದು, ಕಳಿಸಿ’ ಮತ್ತು ‘ಇದು ನಾನಲ್ಲ’. ಎರಡನೆಯದನ್ನು ಒತ್ತಿದರೆ ವ್ಯವಹಾರ ನಿಂತು, ದೂರಿನ ಸಂಖ್ಯೆಯೂ ಸಮಯವೂ ಅಲ್ಲೇ ಸಿಗಲಿ. ಗ್ರಾಹಕರದ್ದೂ ಬ್ಯಾಂಕಿನದ್ದೂ ಅಲ್ಲದ ತಪ್ಪಿನಿಂದ ಹಣ ಹೋದರೆ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ಹೊಣೆ ಬೀಳುವುದಿಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು. ಯಾವಾಗ ತಿಳಿಸಿದರು ಎಂಬುದಕ್ಕೆ ಆ ಸಂಖ್ಯೆ ಸಾಕ್ಷಿಯಾಗುತ್ತದೆ. ಸೈಬರ್ ದೂರಿನ 1930 ಸಂಖ್ಯೆಗೆ ಅಲ್ಲಿಂದಲೇ ಕರೆ ಹೋಗುವಂತಿರಲಿ.

ಅಕ್ಷರದ ಬಗ್ಗೆಯೂ ಹೇಳಬೇಕು. ಇಂಗ್ಲಿಷಿಗೆ ಅಳೆದು ಮಾಡಿದ ಬಟನ್ನಿನಲ್ಲಿ ಕನ್ನಡ ಹಾಕಿದರೆ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ. ಸಾಲಿನ ಎತ್ತರ ಜಾಸ್ತಿ ಮಾಡಿ. ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡವರ ಸ್ಕ್ರೀನಿನಲ್ಲೂ ಹಣದ ಮೊತ್ತ ಮುರಿಯದೆ ಕಾಣಬೇಕು.

6. ರೇಂಜ್ ಇಲ್ಲದಾಗ

ಆನ್‌ಲೈನ್ ಆಗದ ಹೊತ್ತಿಗೆ ಆ್ಯಪೇ 30 ಸೆಕೆಂಡಿಗೊಮ್ಮೆ ಬದಲಾಗುವ 6 ಅಂಕಿಯ ಕೋಡ್ ತೋರಿಸಬಹುದು. ನೋಂದಣಿಯಲ್ಲಿ ಹಂಚಿಕೊಂಡ ಒಂದು ಗುಟ್ಟು ಮತ್ತು ಆಗಿನ ಸಮಯ, ಇವೆರಡರಿಂದ ಲೆಕ್ಕ ಹಾಕುವುದರಿಂದ ನೆಟ್‌ವರ್ಕ್ ಬೇಡ. ಫೋನಿನ ಗಡಿಯಾರ ಸ್ವಲ್ಪ ಹಿಂದೆ ಮುಂದೆ ಇರುತ್ತದೆ, ಆದ್ದರಿಂದ ಹಿಂದಿನ ಮತ್ತು ಮುಂದಿನ ಒಂದೊಂದು ಕೋಡನ್ನೂ ಸರ್ವರ್ ಒಪ್ಪಲಿ. ಆದರೆ ಈ ಕೋಡನ್ನು ಯಾರಾದರೂ ಫೋನಿನಲ್ಲಿ ಕೇಳಿ ತೆಗೆದುಕೊಳ್ಳಬಹುದು. ಹಾಗಾಗಿ ಸಣ್ಣ ಮೊತ್ತಕ್ಕೆ ಮಾತ್ರ ಬಳಸಿ.

7. ಫೋನ್ ಕಳೆದುಹೋದರೆ

ಮುಂಬಾಗಿಲಿಗೆ ದೊಡ್ಡ ಬೀಗ ಹಾಕಿ ಹಿಂಬಾಗಿಲನ್ನು ತೆರೆದಿಡುವ ತಪ್ಪು ಆಗುವುದು ಇಲ್ಲೇ. ‘ಪಿನ್ ಮರೆತಿರಾ’ ಎಂದು ಒತ್ತಿದವರಿಗೆ ಒಂದು ಎಸ್ಸೆಮ್ಮೆಸ್ಸಿನಿಂದ ಎಲ್ಲವೂ ಸಿಗುವಂತಿದ್ದರೆ, ಈವರೆಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ತಡೆಹಿಡಿಯುವುದು ಒಂದು ಕರೆಯಲ್ಲಿ ಆಗಲಿ, ಮನೆಯವರ ಫೋನಿನಿಂದಲೂ ಆಗಲಿ. ಮತ್ತೆ ತೆರೆಯುವುದು ಮಾತ್ರ ನಿಧಾನವಾಗಿ, ಶಾಖೆಯಲ್ಲಿ ಗುರುತು ತೋರಿಸಿಯೇ ಆಗಲಿ. ಗಲ್ಫಿನಲ್ಲಿರುವವರು ಶಾಖೆಗೆ ಬರುವುದು ಹೇಗೆ? ಅವರಿಗೆ ನೋಂದಣಿಯ ದಿನವೇ ಒಂದು ಮರುಪಡೆಯುವ ಕೋಡ್ ಕೊಟ್ಟು, ಕಾಗದದಲ್ಲಿ ಬರೆದು ಜೋಪಾನ ಮಾಡಲು ಹೇಳಿ. ಅದನ್ನು ಬಳಸಿದ ಮೇಲೂ ಒಂದೆರಡು ದಿನ ಹಣ ಕಳಿಸಲು ಬಿಡಬೇಡಿ, ಹಳೆಯ ಫೋನಿಗೂ ಇಮೇಲಿಗೂ ಸೂಚನೆ ಕಳಿಸಿ.

8. ಕಳ್ಳ ಆ್ಯಪ್‌ಗಳ ಕಣ್ಣು ತಪ್ಪಿಸಿ

ಮದುವೆ ಕಾಗದ, ದಂಡದ ಚಲನ್ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲುಗಳು (ಒತ್ತಿದರೆ ಆ್ಯಪ್ ಆಗಿ ಫೋನಿನಲ್ಲಿ ಕೂರುವಂಥವು) ಸ್ಕ್ರೀನ್ ಓದಲು ನೋಡುತ್ತವೆ. ಪಿನ್ ಮತ್ತು ಒಪ್ಪಿಗೆಯ ಸ್ಕ್ರೀನನ್ನು ಚಿತ್ರ ತೆಗೆಯಲಾಗದಂತೆ ಮುಚ್ಚಿ. ಸ್ಕ್ರೀನ್ ಹಂಚಿಕೆ ನಡೆಯುತ್ತಿದ್ದರೆ ವ್ಯವಹಾರ ನಿಲ್ಲಿಸಿ. ಆದರೆ ಇತರ ಆ್ಯಪ್‌ಗಳ ಎಲ್ಲ ನೆರವು ಸೇವೆಗಳನ್ನೂ (ಆಕ್ಸೆಸಿಬಿಲಿಟಿ) ಸಾರಾಸಗಟಾಗಿ ತಡೆದರೆ, ಸ್ಕ್ರೀನನ್ನು ಓದಿ ಹೇಳುವ ಟಾಕ್‌ಬ್ಯಾಕ್ ಕೇಳಿಯೇ ಫೋನ್ ಬಳಸುವ ಅಂಧರು ಹೊರಗುಳಿಯುತ್ತಾರೆ. ಇದು ಅನ್ಯಾಯ. ನಂಬಬಹುದಾದ ಸೇವೆ ಯಾವುದು ಎಂದು ವಿಂಗಡಿಸುವ ಕಷ್ಟವನ್ನು ನೀವೇ ಹೊರಬೇಕು.

9. ಕೈಗೆ ಕೊಟ್ಟು ಸುಮ್ಮನಿರಿ

ಹೊರಗಿನ ತಜ್ಞರಿಂದ ಭದ್ರತಾ ಪರೀಕ್ಷೆ ಮಾಡಿಸಲೇಬೇಕು. ಅದರ ಜೊತೆಗೆ ಬೆಂಚಿನಲ್ಲಿ ನೋಡಿದ ಅದೇ ಜನರ ಕೈಗೆ ಆ್ಯಪ್ ಕೊಡಿ. ‘ಅಲ್ಲಿ ಒತ್ತಿ’ ಎಂದು ಹೇಳಿಕೊಡಬೇಡಿ. ನಡುವೆ ಒಂದು ಸುಳ್ಳು ಕೋರಿಕೆ ಕಳಿಸಿ, ಅವರು ‘ಇದು ನಾನಲ್ಲ’ ಒತ್ತುತ್ತಾರಾ ನೋಡಿ. ಒತ್ತದಿದ್ದರೆ ಅವರು ಎಲ್ಲಿ ಓದುವುದನ್ನು ನಿಲ್ಲಿಸಿದರು ಎಂದು ಕೇಳಿ, ಆ ಸಾಲನ್ನು ಮತ್ತೆ ಬರೆಯಿರಿ.