ಟಾಪ್ ಬಿಚ್ಚಿದ ಜೀಪಿನಲ್ಲಿ ಸೀಟ್ ಬೆಲ್ಟಿನ ಕಾಟ: ನಾನು ಮಾಡಿಕೊಂಡ ಪರಿಹಾರಗಳು

ಬಟ್ಟೆ ಟಾಪಿನ ಥಾರ್ ಇರಲಿ, ಹಳೇ ಎಂಎಂ 540 ಇರಲಿ, ಟಾಪ್ ಬಿಚ್ಚಿ ಓಡಿಸುವವರಿಗೆ ಬೆಲ್ಟಿನ ಮೇಲೆ ಮೂರು ದೂರು. ಗಾಳಿಗೆ ಪಟಪಟ ಬಡಿಯುತ್ತದೆ. ಎಳೆದರೆ ಬರುವುದಿಲ್ಲ, ಬಿಟ್ಟರೆ ಒಳಗೆ ಹೋಗುವುದಿಲ್ಲ. ಗುಂಡಿ ದಾರಿಯಲ್ಲಿ ಎದೆ ಹಿಸುಕುತ್ತದೆ. ಬೆಲ್ಟನ್ನು ಕತ್ತರಿಸದೆ, ಹೊಲಿಯದೆ, ಅದಕ್ಕೆ ತೂತು ಹಾಕದೆ ಈ ಮೂರನ್ನೂ ಸರಿಮಾಡಬಹುದು.

ಬೆಲ್ಟ್ ಒಳಗೆ ಸುತ್ತಿಕೊಳ್ಳದಿದ್ದರೆ ಎಲ್ಲರೂ ಮೊದಲು ರಿಟ್ರ್ಯಾಕ್ಟರಿನ (ಪಟ್ಟಿ ಸುತ್ತಿಕೊಳ್ಳುವ ಡಬ್ಬಿ) ಸ್ಪ್ರಿಂಗ್ ಹೋಯಿತು ಅನ್ನುತ್ತಾರೆ. ಹೆಚ್ಚಿನ ಸಲ ತಪ್ಪು ಸ್ಪ್ರಿಂಗಿನದಲ್ಲ, ಭುಜದ ಮೇಲೆ ಪಟ್ಟಿ ಹಾದುಬರುವ ಡಿ ರಿಂಗಿನದು. ಬೆವರು, ಎಣ್ಣೆ ಜಿಡ್ಡು, ಕೆಂಪು ಧೂಳು ಸೇರಿ ರಿಂಗಿನ ಒಳಮೈಯಲ್ಲಿ ಮೇಣದಂಥ ಪದರ ಕಟ್ಟುತ್ತದೆ. ಬೆರಳಾಡಿಸಿದರೆ ಅಂಟು ಗೊತ್ತಾಗುತ್ತದೆ. ಹತ್ತಿ ಬಟ್ಟೆಯ ಪಟ್ಟಿಯೊಂದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ರಿಂಗಿನೊಳಗೆ ತೂರಿಸಿ, ಮಜ್ಜಿಗೆ ಕಡೆಯುವಾಗ ಹಗ್ಗ ಎಳೆದಂತೆ ಆಚೆ ಈಚೆ ಎಳೆಯಬೇಕು. ಬಟ್ಟೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅದು ಬೆಳ್ಳಗೇ ಉಳಿಯುವವರೆಗೆ ಬಟ್ಟೆ ಬದಲಿಸುತ್ತಾ ಉಜ್ಜಿ. ಅರ್ಧದಷ್ಟು ಬೆಲ್ಟುಗಳು ಇಷ್ಟಕ್ಕೇ ದಾರಿಗೆ ಬರುತ್ತವೆ.

ಬರದಿದ್ದರೆ ಪಟ್ಟಿಯನ್ನೇ ತೊಳೆಯಬೇಕು. ಕೊನೆಯವರೆಗೆ ಎಳೆದು, ರಿಟ್ರ್ಯಾಕ್ಟರ್ ಬಾಯಿಯ ಹತ್ತಿರ ಬಟ್ಟೆ ಸುತ್ತಿದ ಕ್ಲ್ಯಾಂಪ್ ಹಾಕಿ, ಇಲ್ಲದಿದ್ದರೆ ನೀರು ಕುಡಿದ ಪಟ್ಟಿ ಸರ್ರನೆ ಒಳಗೆ ಹೋಗುತ್ತದೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಮೆತ್ತನೆ ಬ್ರಷ್ಷಿನಿಂದ ನೇಯ್ಗೆಯ ಉದ್ದಕ್ಕೆ ಉಜ್ಜಿ. ಅಡ್ಡ ಉಜ್ಜಿದರೆ ಅಂಚಿನ ನೂಲು ಏಳುತ್ತದೆ. ಬ್ಲೀಚ್ ಬೇಡ, ಬಣ್ಣ ಹಾಕುವುದಂತೂ ಬೇಡವೇ ಬೇಡ. ರಾತ್ರಿಯಿಡೀ ಗಾಳಿಗೆ ಒಣಗಿದ ಮೇಲೆ ಕ್ಲ್ಯಾಂಪ್ ತೆಗೆಯಿರಿ. ಒದ್ದೆ ಬೆಲ್ಟ್ ಸುತ್ತಿಕೊಂಡರೆ ಬೂಸ್ಟು ಹಿಡಿಯುತ್ತದೆ. ಮಲೆನಾಡಿನ ಜುಲೈನಲ್ಲಿ ಒಂದು ರಾತ್ರಿ ಸಾಲದು, ಎರಡು ದಿನ ಬೇಕು.

ರಿಟ್ರ್ಯಾಕ್ಟರಿನೊಳಗೆ ಎಣ್ಣೆ ಹೊಡೆಯಬೇಡಿ. ಎಣ್ಣೆಗೆ ಧೂಳು ಅಂಟಿ ಅರೆಯುವ ಹಿಟ್ಟಾಗುತ್ತದೆ. ಸರ್ವಿಸ್ ಸ್ಟೇಷನ್ನಿನವರು ಒಳಗೆಲ್ಲಾ ನೀರು ಹೊಡೆಯುವಾಗ ಆ ಮೂಲೆ ಬಿಡಲು ಹೇಳಿ. ಕೆಸರು ತೆಗೆಯಲು ಕಡಿಮೆ ಒತ್ತಡದ ಗಾಳಿ ಸಾಕು. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ರಿಟ್ರ್ಯಾಕ್ಟರಿಗೆ ಹಳದಿ ಕನೆಕ್ಟರ್ ಇದ್ದರೆ ಒಳಗೆ ಸಿಡಿಮದ್ದಿನ ಪ್ರಿಟೆನ್ಷನರ್ (ಢಿಕ್ಕಿಯಾದ ಕೂಡಲೇ ಬೆಲ್ಟನ್ನು ಬಿಗಿಯುವ ಸಾಧನ) ಇದೆ ಎಂದರ್ಥ. ಅದನ್ನು ಬಿಚ್ಚುವುದು ಮನೆ ಕೆಲಸವಲ್ಲ.

ಪಟ್ಟಿ ಡಿ ರಿಂಗಿನಲ್ಲಿ ತಿರುಚಿ ಸಿಕ್ಕಿಕೊಂಡರೆ ಬೋಲ್ಟ್ ಬಿಚ್ಚುವುದು ಬೇಡ. ರಿಂಗಿನಿಂದ ಒಂದು ಗೇಣು ಕೆಳಗೆ ಪಟ್ಟಿಯನ್ನು ಓರೆಯಾಗಿ ಮಡಚಿ, ಮಡಿಕೆಯನ್ನು ಒತ್ತಿ ಹಿಡಿದು, ರಿಂಗನ್ನು ಅದರ ಮೇಲೆ ದಾಟಿಸಿ. ಆಚೆ ಬದಿಯಲ್ಲಿ ಮಡಿಕೆ ಬಿಚ್ಚಿದರೆ ತಿರುಚೂ ಹೋಗಿರುತ್ತದೆ.

ಇನ್ನು ಇಳಿಜಾರಿನಲ್ಲಿ ಲಾಕ್ ಆಗುವುದು. ಇದು ಕೆಟ್ಟದ್ದಲ್ಲ, ಅದರ ಕೆಲಸವೇ ಅದು. ರಿಟ್ರ್ಯಾಕ್ಟರಿನಲ್ಲಿ ಎರಡು ಬೀಗ: ಒಂದು ಪಟ್ಟಿಯನ್ನು ಜೋರಾಗಿ ಎಳೆದರೆ ಬೀಳುತ್ತದೆ, ಇನ್ನೊಂದು ಗಾಡಿ ಓರೆಯಾದರೆ ಅಥವಾ ತಟ್ಟನೆ ನಿಂತರೆ. ಸೀಟ್ ಬೆಲ್ಟುಗಳಿಗಿರುವ ವಿಶ್ವಸಂಸ್ಥೆಯ ಆರ್16 ನಿಯಮದಲ್ಲಿ 12 ಡಿಗ್ರಿವರೆಗಿನ ಓರೆಗೆ ಅದು ಬೀಗ ಹಾಕಬಾರದು, 27 ಡಿಗ್ರಿ ದಾಟಿದರೆ ಹಾಕಲೇಬೇಕು. 12 ಡಿಗ್ರಿ ಎಂದರೆ ಐದು ಅಡಿಗೆ ಸುಮಾರು ಒಂದು ಅಡಿ ಏರು; ಸಕಲೇಶಪುರದ ಕಡೆ ತೋಟದ ದಾರಿಯಲ್ಲಿ ಇದೇನು ದೊಡ್ಡ ಏರಲ್ಲ. ಹಾಗಾಗಿ ಬೆಲ್ಟ್ ಹಾಕುವುದು ಸಮತಟ್ಟಿನಲ್ಲೇ. ಕಡಿದಾದಲ್ಲಿ ಬಿಚ್ಚಿಬಿಟ್ಟರೆ ಮತ್ತೆ ಹಾಕಿಕೊಳ್ಳಲು ಪಟ್ಟಿಯೇ ಹೊರಗೆ ಬರುವುದಿಲ್ಲ.

ಎದೆ ಹಿಸುಕುವುದಕ್ಕೂ ಇದೇ ಕಾರಣ. ಗಾಡಿ ಎಗರಿದಾಗ ಮೈ ಸೀಟಿಗೆ ಒತ್ತುತ್ತದೆ, ಸಡಿಲವಾದ ಎರಡು ಬೆರಳಷ್ಟನ್ನು ಸ್ಪ್ರಿಂಗ್ ಒಳಗೆ ಎಳೆದುಕೊಳ್ಳುತ್ತದೆ, ಬೀಗ ಅದನ್ನು ವಾಪಸ್ ಕೊಡುವುದಿಲ್ಲ. ಪ್ರತಿ ಗುಂಡಿಗೂ ಒಂದೊಂದು ಹಲ್ಲು ಬಿಗಿ. ಸಮತಟ್ಟಿನಲ್ಲಿ ನಿಲ್ಲಿಸಿ, ಬೆನ್ನು ಪೂರ್ತಿ ಒರಗಿಸಿ, ಪಟ್ಟಿಯನ್ನು ಎರಡು ಮೂರು ಸೆಂಟಿಮೀಟರ್ ಒಳಗೆ ಹೋಗಲು ಬಿಟ್ಟರೆ ಬೀಗ ಬಿಡುತ್ತದೆ. ಆಮೇಲೆ ನಿಧಾನಕ್ಕೆ ಎಳೆದುಕೊಳ್ಳಿ. ರಿಂಗಿನ ಹತ್ತಿರ ಕ್ಲಿಪ್ ಸಿಕ್ಕಿಸಿ ಬೆಲ್ಟನ್ನು ಸಡಿಲ ಇಡುವವರಿದ್ದಾರೆ. ಢಿಕ್ಕಿಯಾದರೆ ಆ ಸಡಿಲದಷ್ಟು ದೂರ ಮೈ ಸ್ಟೀರಿಂಗಿನ ಕಡೆ ಹಾರಿದ ಮೇಲೇ ಬೆಲ್ಟ್ ಹಿಡಿಯುವುದು.

ಹಳೇ ಜೀಪಿಗೆ ಹೊಸದಾಗಿ ಬೆಲ್ಟ್ ಕೂರಿಸಿದಾಗ ಸಮತಟ್ಟಿನಲ್ಲೂ ಲಾಕ್ ಆಗುತ್ತಿದ್ದರೆ ರಿಟ್ರ್ಯಾಕ್ಟರ್ ಕೂತಿರುವ ಕೋನ ನೋಡಿ. ನೆಟ್ಟಗೆ ಇರಬೇಕಾದದ್ದನ್ನು ಹಿಂದಕ್ಕೆ ವಾಲಿಸಿ ಬೋಲ್ಟ್ ಮಾಡಿದರೆ ಓರೆಯನ್ನು ಗುರುತಿಸುವ ಒಳಗಿನ ಗುಂಡು ಯಾವಾಗಲೂ ಬೀಗದ ಕಡೆಗೇ ಉರುಳಿರುತ್ತದೆ. ಬೋಲ್ಟ್ 7/16 ಇಂಚಿನ ಯುಎನ್ಎಫ್ (ಸಣ್ಣ ಮರೆಯ ಇಂಚು ಅಳತೆ) ಅಥವಾ ಎಂ12 (12 ಮಿಲಿಮೀಟರ್), ಬಲದ ಗ್ರೇಡ್ 8.8. ನೆಲದ ತಗಡಿಗೆ ಬರೀ ವಾಷರ್ ಹಾಕಿದರೆ ಹರಿದುಕೊಂಡು ಬರುತ್ತದೆ. ರ್‍ಯಾಲಿ ಗಾಡಿಗಳಿಗೆ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್ಐಎ ಕೇಳುವುದು ಕನಿಷ್ಠ 3 ಮಿಲಿಮೀಟರ್ ದಪ್ಪ, 40 ಚದರ ಸೆಂಟಿಮೀಟರ್ ಪ್ಲೇಟ್. ನಾನು ತಗಡಿನ ಅಡಿಗೆ 8 ಸೆಂಟಿಮೀಟರ್ ಚೌಕದ ಪ್ಲೇಟ್ ಹಾಕುತ್ತೇನೆ.

ಪಟಪಟ ಬಡಿತ ನಿಲ್ಲಿಸುವುದು ಸುಲಭ. ಖಾಲಿ ಸೀಟಿನ ಬೆಲ್ಟನ್ನು ಬಕಲ್ ಹಾಕಿಯೇ ಇಡಿ. ಹಾಕುವ ಮುಂಚೆ ಅರ್ಧ ಸುತ್ತು ತಿರುಚಿದರೆ ಗಾಳಿ ಹಿಡಿಯುವುದಿಲ್ಲ, ಗುಂಯ್‌ಗುಡುವುದೂ ನಿಲ್ಲುತ್ತದೆ. ಇದು ಖಾಲಿ ಸೀಟಿಗೆ ಮಾತ್ರ, ಮೈಮೇಲೆ ಪಟ್ಟಿ ಚಪ್ಪಟೆಯಾಗೇ ಇರಬೇಕು. ಹಿಂದಿನ ಬೆಲ್ಟುಗಳನ್ನು 25 ಮಿಲಿಮೀಟರ್ ಅಗಲದ ವೆಲ್ಕ್ರೋದಿಂದ ರೋಲ್ ಬಾರಿಗೆ ಕಟ್ಟಬಹುದು. ಬಕಲಿಗೆ ಸಿಕ್ಕಿಸುವ ಲೋಹದ ನಾಲಗೆ ಬಾರಿಗೆ ಬಡಿದು ಬಣ್ಣ ಎದ್ದಿದ್ದರೆ ಎಸಿ ಪೈಪಿಗೆ ಹಾಕುವ ಕಪ್ಪು ಫೋಮನ್ನು ಒಂದಡಿ ಕೊಯ್ದು ತೊಡಿಸಿ. ನಾಲಗೆ ಜಾರಿ ಕೆಳಗೇ ಬೀಳುತ್ತಿದ್ದರೆ ಪಟ್ಟಿಯ ಮೇಲಿನ ಪ್ಲಾಸ್ಟಿಕ್ ತಡೆಗುಂಡಿ ಉದುರಿದೆ. ಹೊಸದನ್ನು ಹಳೇ ತೂತಿಗೇ ಒತ್ತಿ.

ಬಕಲ್ ಹಾಕಿದ್ದರೂ ಬೀಪ್ ನಿಲ್ಲದಿದ್ದರೆ ಬಕಲಿನೊಳಗೆ ಕೆಸರು ಸೇರಿ ಸ್ವಿಚ್ ಒತ್ತುತ್ತಿಲ್ಲ. ಬಾಯಿ ಕೆಳಗೆ ಮಾಡಿ ಗಾಳಿ ಹೊಡೆಯಿರಿ. ಬೀಪ್ ನಿಲ್ಲಿಸುವ ಡಮ್ಮಿ ಕ್ಲಿಪ್ಪುಗಳ ಆನ್‌ಲೈನ್ ಮಾರಾಟವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲೇ ತಡೆದಿದೆ, ಬೆಲ್ಟ್ ಹಾಕದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ ದಂಡ 1,000 ರೂಪಾಯಿ. ಗಾಳಿ ಹೊಡೆದ ಮೇಲೆ ನಾಲಗೆಯನ್ನು ಹತ್ತು ಸಲ ಹಾಕಿ, ಜಗ್ಗಿ, ಗುಂಡಿ ಒತ್ತಿ ಬಿಡಿಸಿ ನೋಡಿ. ಒಂದೇ ಒಂದು ಸಲ ಕಳಚಿದರೂ, ಬಿಡಿಸಲು ಒದ್ದಾಡಿದರೂ ಆ ಬಕಲ್ ಬದಲಿಸಬೇಕು.