ಎಲ್ಲರೂ ಹೊಗಳಿದ ಫ್ಯಾಂಟಸಿ ಕಾದಂಬರಿ ನಿಮಗೆ ಹಿಡಿಸ್ಲಿಲ್ವಾ? ಹೀಗ್ ಮಾಡಿ

ರೀಲ್ಸಲ್ಲಿ ಹೊಗಳಿ ಅಟ್ಟಕ್ಕೇರಿಸಿದ್ರು ಅಂತ ದಪ್ಪನೆ ಪುಸ್ತಕ ತಂದಿರಿ, ನೂರು ಪುಟ ಆದ್ರೂ ಹೀರೋ ಇನ್ನೂ ಕುದುರೆ ಮೇಲೆ ಹೋಗ್ತಾನೇ ಇದಾನೆ, ಪುಸ್ತಕ ಮುಚ್ಚಕ್ಕೂ ಮನಸ್ಸಿಲ್ಲ ಓದಕ್ಕೂ ಮನಸ್ಸಿಲ್ಲ. ಆಗ ಮೊದ್ಲು ನೋಡ್ಬೇಕಾಗಿರೋದು ಪುಸ್ತಕ ಕೆಟ್ಟದಾ ಅಥವಾ ಹೊಗಳಿದವ್ರು ಬೇರೇನೋ ಹೇಳಿ ಓದಿಸಿದ್ರಾ ಅಂತ.

ಹಿಂದಿನ ರಕ್ಷಾಪುಟ, ಆ ರೀಲ್ಸ್ ಇನ್ನೊಂದ್ಸಲ ನೋಡಿ. ಉದಾಹರಣೆಗೆ 2023ರಲ್ಲಿ ಬಂದ ಫೋರ್ತ್ ವಿಂಗ್. ಡ್ರಾಗನ್ನು, ಯುದ್ಧದ ಕಾಲೇಜು, ಸಾಯೋ ಪರೀಕ್ಷೆ ಎಲ್ಲಾ ಇದೆ ನಿಜ, ಆದ್ರೆ ಅದ್ರ ಜೀವ ಇರೋದು ಲವ್ ಸ್ಟೋರಿಲಿ, ರಾಜಕೀಯ ತಂತ್ರ ಓದಣ ಅಂತ ಹೋದವ್ರಿಗೆ ಬೆಟ್ಟ ಅಗೆದು ಇಲಿ ಹಿಡಿದಂಗೆ ಅನ್ಸತ್ತೆ, ಅದು ಪುಸ್ತಕದ ತಪ್ಪಲ್ಲ.

ಆಮೇಲೆ ಎಲ್ಲಿ ಸಿಕ್ಕಾಕ್ಕೊಂಡ್ರಿ ನೋಡಿ. ಬರೀ ಹೆಸರುಗಳ ಗೋಜಲಾದ್ರೆ ಬಿಡ್ಬೇಡಿ, ಮುಂದಿರೋ ಮ್ಯಾಪ್, ಕೊನೇಲಿರೋ ಪದಕೋಶ ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಂಡು ಓದಿ, ಸ್ವಲ್ಪ ದಿನಕ್ಕೆ ಸರಿಹೋಗತ್ತೆ. ಪ್ರೋಲಾಗ್, ಅಂದ್ರೆ ಮೊದಲ ಅಧ್ಯಾಯಕ್ಕೂ ಮುಂಚೆ ಬರೋ ಪೀಠಿಕೆ, ಅರ್ಥ ಆಗ್ಲಿಲ್ವಾ, ಹಾರಿಸಿ, ಅರ್ಧ ಪುಸ್ತಕ ಆದ್ಮೇಲೆ ವಾಪಸ್ ಬನ್ನಿ. ಆದ್ರೆ ಇದೊಂದು ನೋಡಿ: ಹೀರೋ ನಿಜವಾಗ್ಲೂ ಕಷ್ಟಕ್ಕೆ ಸಿಕ್ಕಿದ ಮೊದಲ ಸೀನ್‌ನಲ್ಲಿ ಅವನಿಗೇ ಗೊತ್ತಿಲ್ದಿರೋ ಹೊಸ ಶಕ್ತಿ ಇದ್ದಕ್ಕಿದ್ದಂಗೆ ಬಂದು ಕಾಪಾಡ್ತು, ಅದಕ್ಕೆ ಅವನು ಏನೂ ಕಳ್ಕೊಳ್ಲಿಲ್ಲ, ಮುಂದಿನ ಪುಟದಲ್ಲಿ ಯಾರೂ ಅದ್ರ ಬಗ್ಗೆ ಕೇಳ್ಲೂ ಇಲ್ಲ ಅಂದ್ರೆ, ನನ್ ಪ್ರಕಾರ ಕ್ಲೈಮ್ಯಾಕ್ಸಲ್ಲೂ ಅದೇ ಆಗತ್ತೆ. ಮುಚ್ಚಿಡಿ.

ಎಷ್ಟು ಪುಟ ಓದಿ ಬಿಡ್ಬೋದು ಅಂತ ಕೇಳೋರಿಗೆ ಅಮೆರಿಕದ ಲೈಬ್ರೇರಿಯನ್ ನ್ಯಾನ್ಸಿ ಪರ್ಲ್ ಅವ್ರದೊಂದು ಲೆಕ್ಕ ಇದೆ: 50 ಪುಟ ಓದಿ, ನಿಮ್ಗೆ 50 ವರ್ಷ ದಾಟಿದ್ರೆ ನೂರರಲ್ಲಿ ವಯಸ್ಸು ಕಳೆದಷ್ಟು ಸಾಕು, ಅಂದ್ರೆ ಅರವತ್ತಾದವ್ರಿಗೆ 40. ಫ್ಯಾಂಟಸಿಗೆ ಇದು ಕಮ್ಮಿ ಆಯ್ತು, ಊರು ಕೇರಿ ಪರಿಚಯಕ್ಕೇ ಅಷ್ಟು ಪುಟ ಹೋಗತ್ತೆ, ಡಬಲ್ ಕೊಡಿ.

"ಮೂರನೇ ಬುಕ್ಕಿಂದ ಸೂಪರ್ ಆಗತ್ತೆ ಮಗಾ" ಅನ್ನೋ ಫ್ರೆಂಡ್ ಇದ್ದೇ ಇರ್ತಾನೆ. ಅವನ ಮಾತು ಕೇಳೋ ಮುಂಚೆ ಸೀರೀಸ್ ಎಷ್ಟುದ್ದ, ಮುಗಿದಿದ್ಯಾ ಚೆಕ್ ಮಾಡಿ. ವೀಲ್ ಆಫ್ ಟೈಮ್ 1990ರಲ್ಲಿ ಶುರುವಾಗಿ 14 ಸಂಪುಟ ಆಯ್ತು, ಲೇಖಕ ರಾಬರ್ಟ್ ಜೋರ್ಡನ್ 2007ರಲ್ಲಿ ತೀರ್ಕೊಂಡ್ರು, ಬ್ರಾಂಡನ್ ಸ್ಯಾಂಡರ್ಸನ್ ಕೊನೇ ಮೂರು ಬರೆದು 2013ಕ್ಕೆ ಮುಗೀತು, ಮಧ್ಯದ ಕೆಲವು ಸಂಪುಟ ಎಳೀತವೆ ಅಂತ ಅದ್ರ ಫ್ಯಾನ್‌ಗಳೇ ಒಪ್ಕೋತಾರೆ. ಮೊದಲನೇದ್ರಲ್ಲಿ ಒಂದು ಪಾತ್ರನಾದ್ರೂ ಮನಸ್ಸಲ್ಲಿ ಉಳಿದಿದ್ರೆ ಮುಂದುವರೀರಿ, ಬರೀ ಹಠಕ್ಕೆ ಬೇಡ.

ರಿವ್ಯೂ ಬರೆಯೋದಾದ್ರೆ ಎಲ್ಲಿ ಬಿಟ್ರಿ ಅಂತ ಹಾಕಿ, "ವೇಸ್ಟ್" ಅಂತ ಒಂದೇ ಪದ ಹಾಕಿ ಓಡ್ಬೇಡಿ, ಇಷ್ಟಪಟ್ಟವ್ರನ್ನ ಆಡ್ಕೋಳೋದೂ ಬೇಡ. ಪುಸ್ತಕನ ಹಳೇ ಪುಸ್ತಕದಂಗಡಿಗೆ ಹಾಕೋ ಪ್ಲಾನಿದ್ರೆ ಬೆನ್ನು ಮುರೀದಂಗೆ ಓದಿ, ಹೆಸ್ರು ಬರೀಬೇಡಿ, ಮತ್ತೆ ಹೈಪ್ ಇರೋವಾಗ್ಲೇ ಮಾರ್ಬಿಡಿ, ಆರು ತಿಂಗ್ಳು ಬಿಟ್ಟು ಹೋದ್ರೆ ಅಂಗಡಿಯವ್ರ ಹತ್ರ ಅದೇ ಪುಸ್ತಕ ಇನ್ನೊಂದಷ್ಟು ಬಂದು ಬಿದ್ದಿರತ್ತೆ.