ಕುಂಡದ ಮಣ್ಣಿಗೆ ನೀರು ಹೀರುವ ಹರಳು: ಮೊದಲು ನೆನೆಸಿ, ಆಮೇಲೆ ಬೆರೆಸಿ

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದರೆ ತಾರಸಿಯ ಕುಂಡಗಳಿಗೆ ಬೆಳಿಗ್ಗೆ ಹಾಕಿದ ನೀರು ಸಂಜೆಯವರೆಗೆ ನಿಲ್ಲುವುದಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಗಿಡಗಳಿಗೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಹೇಳಿದ ಮೇಲೆ, ಕಲ್ಲುಪ್ಪಿನಂತೆ ಕಾಣುವ, ನೀರು ಹೀರಿ ಜೆಲ್ ಆಗಿ ಹಿಗ್ಗುವ ಹೈಡ್ರೋಜೆಲ್ ಹರಳುಗಳ ಪೊಟ್ಟಣವನ್ನು ನನ್ನ ಪರಿಚಯದ ಅನೇಕರು ಕೊಂಡು ತಂದರು. ಅವರಲ್ಲಿ ಹೆಚ್ಚಿನವರು ಒಣ ಹರಳನ್ನೇ ಮಣ್ಣಿಗೆ ಸುರಿದು ನೀರು ಹಾಕಿದರು. ಗಿಡಗಳು ಹಾಳಾದದ್ದು ಹರಳಿನ ದೋಷದಿಂದಲ್ಲ, ಈ ಒಂದು ಅವಸರದಿಂದ.

ಪಕ್ಕದ ಮನೆಯವರ ದಾಸವಾಳದ ಕುಂಡವನ್ನೇ ನೋಡಿ. ಅದು 12 ಇಂಚಿನ ಕುಂಡ, ಸುಮಾರು 14 ಲೀಟರ್ ಮಣ್ಣು ಹಿಡಿಯುತ್ತದೆ. ಅವರು ಹಾಕಿದ್ದು ಎರಡು ಹಿಡಿ ಹರಳು, ಅಂದರೆ 60 ಗ್ರಾಂಗೆ ಕಡಿಮೆಯಿಲ್ಲ. ಒಂದು ಗ್ರಾಂ ಬರೀ 100 ಮಿಲಿಲೀಟರ್ ಹೀರಿದರೂ ಒಟ್ಟು 6 ಲೀಟರ್ ಜೆಲ್ ಆಗುತ್ತದೆ. ಏಪ್ರಿಲ್‌ನ ಮೊದಲ ಮಳೆಗೆ ಮಣ್ಣು ಅಂಚು ಮೀರಿ ಉಬ್ಬಿ, ಗಿಡ ಬೇರುಸಮೇತ ಮೇಲಕ್ಕೆ ಎದ್ದು ವಾಲಿಕೊಂಡಿತ್ತು.

ಆದ್ದರಿಂದ ಮೊದಲ ಕೆಲಸ ತೂಕ ಮಾಡುವುದು. ಒಂದು ಲೀಟರ್ ಮಣ್ಣಿನ ಮಿಶ್ರಣಕ್ಕೆ ಒಂದು ಗ್ರಾಂ ಹರಳು ಸಾಕು. ಎರಡು ಗ್ರಾಂವರೆಗೆ ಹಾಕಬಹುದೆಂದು ಕೆಲವು ಪೊಟ್ಟಣಗಳ ಮೇಲೆ ಬರೆದಿರುತ್ತದೆ, ನೀವು ಹಾಕಬೇಡಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಹೈಡ್ರೋಜೆಲ್‌ಗೆ ಹೊಲದಲ್ಲಿ ಶಿಫಾರಸಾಗಿರುವ ಪ್ರಮಾಣ ಒಂದು ಹೆಕ್ಟೇರಿಗೆ 2.5ರಿಂದ 5 ಕಿಲೋ ಮಾತ್ರ ಎಂಬುದನ್ನು ನೆನೆದರೆ, ಹಿಡಿಗಟ್ಟಲೆ ಸುರಿಯುವುದು ಎಷ್ಟು ಅತಿಯೆಂದು ತಿಳಿಯುತ್ತದೆ. ಅಡುಗೆಮನೆಯ ತಕ್ಕಡಿ ಇಲ್ಲದಿದ್ದರೆ, ತಲೆ ಸವರಿದ ಒಂದು ಟೀ ಚಮಚ ಹರಳು ಸುಮಾರು 4 ಗ್ರಾಂ ತೂಗುತ್ತದೆಂದು ಇಟ್ಟುಕೊಳ್ಳಿ.

ಎರಡನೆಯದು ನೆನೆಸುವುದು. ಎಲ್ಲ ಕೆಲಸವೂ ಕೆಡುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪೊಟ್ಟಣದ ಮೇಲಿರುವ ‘ತೂಕದ 300 ಪಟ್ಟು’, ‘400 ಪಟ್ಟು’ ಎಂಬ ಅಂಕಿಗಳು ಶುದ್ಧೀಕರಿಸಿದ ನೀರಿಗೆ ಮಾತ್ರ ಅನ್ವಯಿಸುತ್ತವೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹರಳಿನೊಳಗಿನ ಪಾಲಿಮರ್ ಎಳೆಗಳನ್ನು ಬಿಗಿಹಿಡಿದು ಹಿಗ್ಗಲು ಬಿಡದಿರುವುದರಿಂದ, ಗಡಸು ನೀರಿನಲ್ಲಿ ಅದೇ ಹರಳು ಅದರ ಅರ್ಧದಷ್ಟೂ ಹೀರದೆ ಹೋಗಬಹುದು. ಹಾಗಾಗಿ ಪೊಟ್ಟಣವನ್ನು ನಂಬದೆ ನಿಮ್ಮ ನೀರಿನಲ್ಲೇ ಒಮ್ಮೆ ಪರೀಕ್ಷಿಸಿ. ಅಗಲವಾದ ಬಕೆಟ್ಟಿನಲ್ಲಿ 2 ಲೀಟರ್ ನೀರು ಅಳೆದು ಹಾಕಿ, 5 ಗ್ರಾಂ ಹರಳನ್ನು ಉದುರಿಸಿ, ಗಂಟು ಕಟ್ಟದಂತೆ ಕೈಯಾಡಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ, ಉಳಿದ ನೀರನ್ನು ಅಳೆಯಿರಿ. 1.2 ಲೀಟರ್ ಉಳಿದಿದ್ದರೆ ಹರಳು 800 ಮಿಲಿಲೀಟರ್ ಹೀರಿದೆ, ಅಂದರೆ ಗ್ರಾಂಗೆ 160. ಈ ಲೆಕ್ಕವನ್ನು ಬರೆದಿಟ್ಟುಕೊಂಡರೆ ಮುಂದೆ ಯಾವ ಕುಂಡಕ್ಕೂ ಅಂದಾಜು ಹೊಡೆಯಬೇಕಾಗಿಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ನೆನೆಸಲು ಅದಕ್ಕಿಂತ ಒಳ್ಳೆಯದಿಲ್ಲ.

ಎರಡು ಗಂಟೆಯಲ್ಲಿ ನೆನೆದಂತೆ ಕಂಡರೂ ಆಗ ಬೆರೆಸಬೇಡಿ. ಒಂದು ತುಣುಕನ್ನು ಬೆರಳುಗಳ ನಡುವೆ ಹಿಸುಕಿ ನೋಡಿ. ಒಳಗೆ ಗಟ್ಟಿ ತಿರುಳು ತಾಕಿದರೆ ಅದು ಕುಂಡದೊಳಗೆ ಹೋದ ಮೇಲೆ ಮತ್ತೆ ಹಿಗ್ಗುತ್ತದೆ. ಚೆನ್ನಾಗಿ ನೆನೆದ ಜೆಲ್ ಐಸ್ ಚೂರಿನಂತೆ ಪಾರದರ್ಶಕವಾಗಿದ್ದು, ಹಿಸುಕಿದರೆ ಪೂರ್ತಿ ಚೂರಾಗುತ್ತದೆ. ನೆನೆಸುವ ನೀರಿಗೇ ಗೊಬ್ಬರ ಕರಗಿಸಿದರೆ ಒಂದು ಕೆಲಸ ಉಳಿಯುತ್ತದೆಂದು ಕೆಲವರು ಹೇಳುತ್ತಾರೆ. ಆದರೆ ರಸಗೊಬ್ಬರವೂ ಲವಣವೇ ಆದ್ದರಿಂದ ಹರಳು ಹಿಗ್ಗುವುದೇ ಕಡಿಮೆಯಾಗುತ್ತದೆ.

ಮಗುವಿನ ಡೈಪರ್ ಕತ್ತರಿಸಿ ಅದರೊಳಗಿನ ಪುಡಿಯನ್ನು ಮಣ್ಣಿಗೆ ಬೆರೆಸುವ ಉಪಾಯವನ್ನು ದಯವಿಟ್ಟು ಅನುಸರಿಸಬೇಡಿ. ಅದು ಸೋಡಿಯಂ ಪಾಲಿಅಕ್ರಿಲೇಟ್. ಅದರ ಸೋಡಿಯಂ ಮಣ್ಣಿನಲ್ಲಿ ಸೇರಿ ಗಿಡಕ್ಕೆ ಕೇಡು ಮಾಡುತ್ತದೆ. ಕೈತೋಟಕ್ಕೆ ಬೇಕಾದದ್ದು ಪೊಟ್ಯಾಸಿಯಂ ಆಧಾರಿತ ಹರಳು. ತರಕಾರಿ ಬೆಳೆಯುವವರಾದರೆ ಪೂಸಾ ಹೈಡ್ರೋಜೆಲ್‌ನಂತಹ ಸೆಲ್ಯುಲೋಸ್ (ಸಸ್ಯದ ನಾರಿನ ಅಂಶ) ಆಧಾರಿತ ಜೆಲ್ಲನ್ನೇ ಕೊಳ್ಳಿರಿ ಎಂಬುದು ನನ್ನ ಖಚಿತ ಸಲಹೆ. ಹೂದಾನಿಯ ಅಲಂಕಾರಕ್ಕೆ ಮಾರುವ ಬಣ್ಣದ ಗೋಲಿಗಳು ಈ ಕೆಲಸದವಲ್ಲ. ಯಾವುದೇ ಹರಳಿರಲಿ, ಮಕ್ಕಳ ಕೈಗೆ ಎಟುಕದಂತೆ ಇಡಿ. ನುಂಗಿದರೆ ಹೊಟ್ಟೆಯೊಳಗೆ ಹಿಗ್ಗಿ ಕರುಳನ್ನು ಕಟ್ಟಿಹಾಕುವ ಅಪಾಯವಿದೆ. ನೆಲಕ್ಕೆ ಚೆಲ್ಲಿದರೆ ಒಣಗಿದ್ದಾಗಲೇ ಗುಡಿಸಿ ತೆಗೆಯಬೇಕು. ನೀರು ಸುರಿದು ತೊಳೆಯಲು ಹೋದರೆ ಕಾಲು ಜಾರುತ್ತದೆ, ಬಚ್ಚಲ ಕೊಳವೆಯೂ ಕಟ್ಟಿಕೊಳ್ಳುತ್ತದೆ.

ಮೂರನೆಯದು ಬೆರೆಸುವುದು, ಇದು ಸುಲಭ. ಕೆಮ್ಮಣ್ಣು, ಎರೆಹುಳು ಗೊಬ್ಬರ, ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸೇರಿಸಿ, ಸೋಸಿದ ಜೆಲ್ಲನ್ನು ಎಲ್ಲ ಕಡೆಗೂ ಹರಡುವಂತೆ ಕಲಸಿ. ಕೋಕೋಪೀಟ್ ತಾನೇ ಸಾಕಷ್ಟು ನೀರು ಹಿಡಿಯುವುದರಿಂದ, ಮಿಶ್ರಣದಲ್ಲಿ ಅದು ಅರ್ಧಕ್ಕಿಂತ ಹೆಚ್ಚಿದ್ದರೆ ಹರಳನ್ನು ಅರ್ಧಕ್ಕೆ ಇಳಿಸಿ. ಈ ಮಿಶ್ರಣ ಕುಂಡದ ಕೆಳಗಿನ ಮೂರರಲ್ಲಿ ಎರಡು ಭಾಗಕ್ಕೆ ಸಾಕು; ಮೇಲಿನ ಭಾಗಕ್ಕೆ ಹರಳಿಲ್ಲದ ಮಣ್ಣು ಹಾಕಿ, ಅಂಚಿನಿಂದ ಒಂದು ಇಂಚು ಖಾಲಿ ಬಿಡಿ. ಮೇಲೆ ಕಾಣುವಂತಿರುವ ಜೆಲ್ ಬಿಸಿಲಿಗೆ ಬೇಗ ಶಿಥಿಲವಾಗುತ್ತದೆ. ಜೆಲ್ಲನ್ನು ತಳದಲ್ಲಿ ಒಂದೇ ಪದರವಾಗಿ ಹರಡುವವರೂ ಇದ್ದಾರೆ. ಆಗ ತಳದ ರಂಧ್ರ ಮುಚ್ಚಿ ಬೇರು ಕೊಳೆಯುತ್ತದೆ.

ಈಗಾಗಲೇ ಗಿಡವಿರುವ ಕುಂಡಕ್ಕೆ ಕಡ್ಡಿಯಿಂದ ತೂತು ಮಾಡಿ ಹರಳು ತುಂಬುವ ಕ್ರಮವಿದೆ. ಬೇರು ಹರಿಯುವುದಲ್ಲದೆ ಜೆಲ್ ಒಂದೇ ಕಡೆ ಗುಡ್ಡೆಯಾಗುವುದರಿಂದ, ಕುಂಡ ಬದಲಿಸುವವರೆಗೆ ಕಾಯುವುದನ್ನೇ ನಾನು ಹೇಳುತ್ತೇನೆ. ಮಲ್ಲಿಗೆ, ದಾಸವಾಳ, ಟೊಮೆಟೊ, ಬದನೆ, ಫರ್ನ್ ಗಿಡಗಳಿಗೆ ಇದು ಒಗ್ಗುತ್ತದೆ. ಲೋಳೆಸರ, ಕಳ್ಳಿ, ಅಡೇನಿಯಂ, ದೊಡ್ಡಪತ್ರೆಯಂತಹ ಗಿಡಗಳ ಹತ್ತಿರಕ್ಕೂ ಇದನ್ನು ತರಬಾರದು.

ನಾಲ್ಕನೆಯದು ನೀರು ಹಾಕುವ ಅಭ್ಯಾಸವನ್ನು ಬದಲಿಸುವುದು. ಮೇಲ್ಮಣ್ಣು ಒಣಗಿದಂತೆ ಕಂಡರೂ ಎರಡು ಇಂಚು ಕೆಳಗೆ ತೇವವಿರುತ್ತದೆ. ಬೆರಳು ಇಳಿಸಿ ನೋಡದೆ ಹಿಂದಿನಂತೆ ದಿನವೂ ಹಾಕಿದರೆ ಎಲೆ ಹಳದಿಯಾಗಿ ಗಿಡ ಸೊರಗುತ್ತದೆ, ಅದನ್ನು ಕಂಡು ನೀರು ಸಾಲದೆಂದು ಇನ್ನಷ್ಟು ಹಾಕುವ ತಪ್ಪು ಅದರ ಹಿಂದೆಯೇ ಬರುತ್ತದೆ. ಹರಳು ನೀರನ್ನು ಉತ್ಪಾದಿಸುವುದಿಲ್ಲ, ಕೊಟ್ಟದ್ದನ್ನು ಹಿಡಿದಿಟ್ಟು ಬೇರಿಗೆ ನಿಧಾನವಾಗಿ ಬಿಡುತ್ತದೆ ಅಷ್ಟೆ. ಊರಿಗೆ ಹೋಗಿ ಬರುವಷ್ಟರಲ್ಲಿ ಕುಂಡ ಪೂರ್ತಿ ಒಣಗಿದ್ದರೆ ಒಮ್ಮೆ ಸುರಿದ ನೀರು ಹರಳು ಹೀರುವ ಮೊದಲೇ ತಳದಿಂದ ಹರಿದುಹೋಗುತ್ತದೆ; ಅರ್ಧ ಗಂಟೆ ಬಿಟ್ಟು ಎರಡು ಮೂರು ಸಲ ಸ್ವಲ್ಪಸ್ವಲ್ಪವೇ ಹಾಕಿ. ಮಲೆನಾಡು ಮತ್ತು ಕರಾವಳಿಯವರು ಜೂನ್ ಬರುವ ಮುನ್ನ ಈ ಕುಂಡಗಳನ್ನು ಮಾಡಿನ ಕೆಳಗೆ ಸರಿಸಿಕೊಳ್ಳಲೇಬೇಕು, ಇಲ್ಲವಾದರೆ ಬೇಸಿಗೆಯಲ್ಲಿ ಉಳಿಸಿಕೊಂಡ ಗಿಡವೇ ಆಷಾಢದ ಮಳೆಗೆ ಬೇರು ಕೊಳೆತು ಹೋಗುತ್ತದೆ.